ಅಮ್ಮ ಕಾಫಿ ಲೇಟಾಗಿ ಕುಡೀತಿದ್ದಿದ್ದು ಯಾಕೆ ಅಂತ ಈಗ ಗೊತ್ತಾಯ್ತು ಕಣೋ

ಲೋ ಕುಮಾರ,

ಹಾಸನದಲ್ಲಿ ಮಳೆ ಬಂತೇನೋ? ಇಲ್ಲಿ ಮೊನ್ನೆ ರಾತ್ರಿ ಹೂಮಳೆ ಚೆನ್ನಾಗೇ ಹೊಡೀತು, ಕಾಫಿ ತೋಟದೋರ ಮುಖದಲ್ಲಿ ಕಳೆ ಬಂದಿದೆ, ಇನ್ನು ಎಂಟ್ಹತ್ತು ದಿನಕ್ಕೆ ಕಾಫಿ ಹೂ ಬಿಟ್ಟು ಎಲ್ಲಾ ಕಡೆ ಬೆಳ್ಳಗೆ ಘಮ್ ಅನ್ನುತ್ತೆ ನೋಡು. ಫೋನಲ್ಲೇ ಹೇಳ್ಬಹುದಿತ್ತು, ಆದ್ರೆ ಫೋನಲ್ಲಿ ನೀನು ಮಧ್ಯೆ ಬಾಯಿ ಹಾಕ್ತೀಯ, ನಾನು ಹೇಳೋದು ಅಲ್ಲಿಗೇ ನಿಲ್ಲುತ್ತೆ. ಅದಕ್ಕೆ ಇಲ್ಲೇ ಬರೀತಿದೀನಿ, ಹಾಸ್ಟೆಲಿನೋರೆಲ್ಲ ಓದ್ಲಿ. ಛತ್ರಿ ವಿಷಯ ಎತ್ತಲ್ಲ, ಹೆದರ್ಬೇಡ.

ವಿಷಯ ಏನಂದ್ರೆ ನಂಗೆ ಥೈರಾಯ್ಡ್. ಡಿಸೆಂಬರಿಂದಲೇ ಸುಸ್ತು, ಹಣ್ಣು ಕೊಯ್ಲು ಟೈಮು, ಲೆಕ್ಕ ಬರೆಯೋದು ಜಾಸ್ತಿ, ಅದಕ್ಕೇ ಇರ್ಬೇಕು ಅನ್ಕೊಂಡು ಸುಮ್ನಾದೆ. ಆಮೇಲೆ ರತ್ನಗಿರಿ ಬೋರೆ ಹತ್ತೋಕೆ ಎರಡು ಕಡೆ ಕೂರೋ ಹಂಗಾಯ್ತು, ಫೆಬ್ರವರಿ ಬಿಸಿಲಲ್ಲಿ ಸ್ವೆಟರ್ ಬಿಚ್ಚೋಕಾಗ್ತಿಲ್ಲ, ಬೆಳಿಗ್ಗೆ ಎದ್ರೆ ಮುಖ ಊದ್ಕೊಂಡಿರೋದು. ರಕ್ತ ಕೊಟ್ಟೆ. ಟಿಎಸ್‌ಎಚ್ 4ರ ಆಸುಪಾಸಿನ ಒಳಗೆ ಇರ್ಬೇಕಾಗಿದ್ದು 46 ಬಂದಿತ್ತು. ನಂಬರ್ ಜಾಸ್ತಿ ಇದ್ರೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದೆ ಅನ್ಕೊಂಡಿದ್ದೆ, ಉಲ್ಟಾ ಅದು. ಕುತ್ತಿಗೆಯಲ್ಲಿರೋ ಗ್ರಂಥಿಗೆ ಕೆಲಸ ಮಾಡು ಅಂತ ತಲೆಯೊಳಗಿನ ಪಿಟ್ಯುಟರಿ ಕೂಗೋ ಕೂಗೇ ಈ ಟಿಎಸ್‌ಎಚ್, ಇದು ಏಳದೆ ಇದ್ದಷ್ಟೂ ಅದು ಜೋರಾಗಿ ಕೂಗುತ್ತೆ, ಪರೀಕ್ಷೆ ದಿನ ನಿನ್ನನ್ನ ಎಬ್ಬಿಸ್ತಿದ್ವಲ್ಲ ಹಂಗೆ. ಆಂಟಿಬಾಡಿ ಟೆಸ್ಟೂ ಆಯ್ತು, ಹಶಿಮೊಟೊ ಅಂದ್ರು, ನಮ್ಮ ಮೈಯೇ ನಮ್ಮ ಗ್ರಂಥಿ ಮೇಲೆ ಬೀಳೋದು. 1912ರಲ್ಲಿ ಹಕಾರು ಹಶಿಮೊಟೊ ಅನ್ನೋ ಜಪಾನಿ ಡಾಕ್ಟ್ರು ಮೊದಲು ಇದರ ಬಗ್ಗೆ ಬರೆದಿದ್ದಂತೆ, ಅವರು ಬರೆದ ನಾಲ್ಕು ರೋಗಿಗಳೂ ಹೆಂಗಸರೇ.

ಈ ಹೆಂಗಸರು ಅನ್ನೋ ಮಾತೇ ನಂಗೆ ಚುಚ್ಚಿದ್ದು ಮಾರಾಯ. ಮಾತ್ರೆ ತಗೊಳ್ಳೋಕೆ ಹೋದಾಗ ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ 'ಮನೆಯೋರಿಗಾ ಸಾರ್' ಅಂದ. ನಾನು 'ಹ್ಞೂ' ಅಂದೆ. ಎರಡನೇ ತಿಂಗಳೂ ಹ್ಞೂ ಅಂತಲೇ ಅಂದೆ.

ಆಮೇಲೆ ರಾತ್ರಿ ಮೊಬೈಲ್ ಹಿಡ್ಕೊಂಡು ಹುಡುಕಿದ್ದೇ ಹುಡುಕಿದ್ದು, ಯಾರ್ಯಾರಿಗೆ ಇದೆ ಅಂತ, ಅದ್ರಲ್ಲೂ ಗಂಡಸರು ಯಾರು ಅಂತ. ಅಮೆರಿಕದ ಅಧ್ಯಕ್ಷ ದೊಡ್ಡ ಬುಷ್ 1991ರಲ್ಲಿ ಜಾಗಿಂಗ್ ಮಾಡ್ತಿದ್ದಾಗ ಎದೆ ಬಡಿತ ಹದ ತಪ್ಪಿ ಆಸ್ಪತ್ರೆಗೆ ಹೋದ್ರೆ ಗ್ರೇವ್ಸ್ ಕಾಯಿಲೆ ಅಂತ ಗೊತ್ತಾಯ್ತು, ನಂದಕ್ಕೆ ಉಲ್ಟಾ, ಗ್ರಂಥಿ ಅತಿಯಾಗಿ ದುಡಿಯೋದು. ಅವರ ಹೆಂಡ್ತಿ ಬಾರ್ಬರಾಗೆ ಅದಕ್ಕೂ ಮುಂಚೇನೇ ಅದೇ ಕಾಯಿಲೆ ಇತ್ತು. ಗಂಡ ಹೆಂಡ್ತಿ ಇಬ್ರಿಗೂ ಹೆಂಗೆ ಬಂತು ಅಂತ ಶ್ವೇತಭವನದ ನೀರನ್ನೂ ಟೆಸ್ಟ್ ಮಾಡಿಸಿದ್ರಂತೆ, ಏನೂ ಸಿಗ್ಲಿಲ್ಲ. ಹಿಂದಿ ಸಿನಿಮಾದ ಅರ್ಜುನ್ ಕಪೂರ್ 2024ರಲ್ಲಿ ನಂದೇ ಹಶಿಮೊಟೊ ತನಗೂ ಇದೆ ಅಂದ, ತಾಯಿಗೂ ಇತ್ತು, ತಂಗಿಗೂ ಇದೆ ಅಂದ. ಗೇಲ್ ಡೆವರ್ಸ್ ಗೊತ್ತಲ್ಲ, ಓಟಗಾರ್ತಿ, ಗ್ರೇವ್ಸ್ ಕಾಯಿಲೆಗೆ ಕೊಟ್ಟ ರೇಡಿಯೇಷನ್ ಆದ್ಮೇಲೆ ಕಾಲು ಊದಿ ಬೊಬ್ಬೆ ಬಂದು ಕಾಲು ತೆಗೀಬೇಕಾಗ್ಬಹುದು ಅನ್ನೋ ಮಟ್ಟಕ್ಕೆ ಹೋಗಿತ್ತು, ಅದೇ ಕಾಲಲ್ಲಿ 1992ರ ಬಾರ್ಸಿಲೋನಾದಲ್ಲಿ 100 ಮೀಟರ್ ಚಿನ್ನ. ಅದೇ ಒಲಿಂಪಿಕ್ಸಲ್ಲಿ ಹರ್ಡಲ್ಸಲ್ಲಿ ಮುಂದೆ ಇದ್ದವಳು ಕೊನೇ ಹರ್ಡಲ್‌ಗೆ ಕಾಲು ತಾಗಿ ಮುಗ್ಗರಿಸಿ ಐದನೇದಾಗಿ ಬಂದಳು. ಆ ಐದನೇ ಜಾಗ ನಂಗೆ ಚಿನ್ನಕ್ಕಿಂತ ಜಾಸ್ತಿ ಇಷ್ಟ ಆಯ್ತು.

ಆಮೇಲೆ ರೊನಾಲ್ಡೊ. ನಮ್ಮ ರೊನಾಲ್ಡೊ ಕಣೋ, ಬ್ರೆಜಿಲ್‌ನೋನು. 2002ರ ಫೈನಲಲ್ಲಿ ಜರ್ಮನಿಗೆ ಎರಡು ಗೋಲು ಹೊಡೆದಾಗ ಹಾಸ್ಟೆಲ್ ಟಿವಿ ರೂಮಲ್ಲಿ ಬೆಂಚು ಮುರೀತು, ಮುಂದಲೆ ಮೇಲೆ ಮಾತ್ರ ಕೂದಲು ಬಿಟ್ಟ ಆ ಕಟಿಂಗ್ ಮಾಡಿಸ್ಕೊಂಡು ಊರಿಗೆ ಹೋದೋನು ಯಾರು ಅಂತ ಹೇಳಲ್ಲ. 2006ರಲ್ಲಿ ಅವನು ದಪ್ಪ ಆಗಿದ್ದ, ಬಾಲ್ ಯಾವ್ದು ರೊನಾಲ್ಡೊ ಯಾವ್ದು ಅಂತ ನಾನೇ ಅಂದಿದ್ದೆ, ಎಲ್ಲಾ ನಕ್ರಿ. ಆ ವರ್ಲ್ಡ್ ಕಪ್ಪಲ್ಲೇ ಅವನು ಘಾನಾ ಮೇಲೆ, ಎಲ್ಲಾ ವರ್ಲ್ಡ್ ಕಪ್ಪೂ ಸೇರಿ ತನ್ನ 15ನೇ ಗೋಲು ಹೊಡೆದು, ಅತಿ ಹೆಚ್ಚು ಗೋಲಿನ ಆಗಿನ ದಾಖಲೆ ಮುರಿದ, ನಂಗೆ ಆ ಗೋಲು ನೆನಪೇ ಇಲ್ಲ, ಜೋಕ್ ಮಾತ್ರ ನೆನಪಿದೆ. 2011ರ ಫೆಬ್ರವರಿಲಿ ಅಳ್ತಾ ನಿವೃತ್ತಿ ಹೇಳ್ದಾಗ ಬಾಯಿಬಿಟ್ಟ, ನಾಲ್ಕು ವರ್ಷದ ಹಿಂದೆ ಮಿಲಾನಲ್ಲಿದ್ದಾಗಲೇ ಥೈರಾಯ್ಡ್ ಕಮ್ಮಿ ಇದೆ ಅಂತ ಗೊತ್ತಾಗಿತ್ತು ಅಂತ. ದಪ್ಪ ಅಂತ ನಕ್ಕೋರ ಮೇಲೆ ಸಿಟ್ಟಿಲ್ಲ ಅಂದ್ನಂತೆ.

ಅದನ್ನ ಓದಿದ ಮೇಲೆ ನಿದ್ದೆ ಬರ್ಲಿಲ್ಲ ನಂಗೆ. ಯಾಕೆ ಗೊತ್ತಾ, ಇಷ್ಟು ಜನರ ಹೆಸರು ಹುಡುಕ್ತಾ ಇದ್ದೀನಲ್ಲ, ಇದೇ ಮಾತ್ರೆ ಬಾಟಲಿ ನಮ್ಮನೆ ಫ್ರಿಜ್ ಮೇಲೆ ಹನ್ನೊಂದು ವರ್ಷದಿಂದ ಇದೆ. ಅಮ್ಮಂದು. ನಮ್ಮಮ್ಮ ದೇವರಿಗೆ ಹೂ ಏರಿಸೋವರೆಗೂ ಕಾಫಿ ಮುಟ್ಟಲ್ಲ ಅಂತ ಎಲ್ಲರ ಹತ್ರ ಹೆಮ್ಮೆಯಿಂದ ಹೇಳಿದೀನಿ, ನಿನ್ನ ಹತ್ರಾನೂ. ಈಗ ನನ್ನ ಚೀಟಿಲೂ ಬರ್ಕೊಟ್ಟಿದಾರೆ, ಖಾಲಿ ಹೊಟ್ಟೆಗೆ ಮಾತ್ರೆ, ಆಮೇಲೆ ಒಂದು ಗಂಟೆ ಕಾಫಿ ಬೇಡ, ಕಾಫಿ ಬಿದ್ರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ನನಗೆ ಡಿಕಾಕ್ಷನ್ ಹಾಕಿ ಲೋಟ ಕೈಗೆ ಕೊಟ್ಟು, ಆ ವಾಸನೆ ಬಿಟ್ಟು ಹೂ ಕೀಳೋಕೆ ಹೊರಗೆ ಹೋಗ್ತಿದ್ಳು.

ಇನ್ನೊಂದು ಇದೆ, ಬರೀಬಾರ್ದು ಅನ್ಕೊಂಡಿದ್ದೆ. ಬೇಲೂರಿನ ಮದುವೇಲಿ ನೀನೂ ಇದ್ದೆ. ಛತ್ರದಲ್ಲಿ ಅಮ್ಮ ಕುರ್ಚೀಲಿ ತೂಕಡಿಸ್ತಿದ್ಳು, ನಾನು ನೆಂಟರ ಮುಂದೆ 'ಮನೇಲೂ ನಿದ್ದೆ, ಇಲ್ಲೂ ನಿದ್ದೆ' ಅಂತ ಜೋರಾಗಿ ಅಂದೆ. ಅವಳು ಸೆರಗು ಸರಿ ಮಾಡ್ಕೊಂಡು ಎದ್ದು ಹೋಗಿ ಬಡಿಸೋಕೆ ನಿಂತ್ಳು, ಕೊನೇ ಪಂಕ್ತಿವರೆಗೂ. ಈ ಮೂರು ತಿಂಗಳು ಆ ಸುಸ್ತು ನನ್ನ ಮೈಲಿ ಇತ್ತು ಕುಮಾರ. ಕುರ್ಚಿಯಿಂದ ಏಳೋದು ಏನು ಅಂತ ಈಗ ಗೊತ್ತು ನಂಗೆ. ಅವಳ ಹತ್ರ ಇನ್ನೂ ಈ ಮಾತು ಎತ್ತಿಲ್ಲ. ನಿನ್ನ ಹತ್ರ, ಇಷ್ಟು ಜನರ ಮುಂದೆ ಹೇಳ್ತಿದೀನಿ, ಅವಳ ಹತ್ರ ಆಗ್ತಿಲ್ಲ.

ಇರ್ಲಿ ಬಿಡು. ಒಂದೂವರೆ ತಿಂಗಳ ಮೇಲೆ ಮತ್ತೆ ಟೆಸ್ಟ್ ಮಾಡ್ಸಿದ್ದೆ, 46 ಇದ್ದಿದ್ದು 11ಕ್ಕೆ ಇಳಿದಿದೆ, ಸ್ವೆಟರ್ ಬೀರು ಸೇರಿದೆ. ಈಗ ಬೆಳಿಗ್ಗೆ ಆರಕ್ಕೆ ಅಮ್ಮ ಎರಡು ಮಾತ್ರೆ, ಎರಡು ಲೋಟ ನೀರು ಇಟ್ಟಿರ್ತಾಳೆ, ನುಂಗಿದ ತಕ್ಷಣ ಹೂವಿನ ಬುಟ್ಟಿ ನನ್ನ ಕೈಗೆ. ಎತ್ತರದ ಕೊಂಬೆ ದಾಸವಾಳ ಎಲ್ಲಾ ನಂದೇ ಪಾಲು.

ಭಾನುವಾರ ಬಾ, ಹೆಂಡ್ತೀನೂ ಮಕ್ಕಳನ್ನೂ ಕರ್ಕೊಂಡು. ಕಡುಬು ಮಾಡಿಸ್ತೀನಿ. ಏಳು ಗಂಟೆ ಮೇಲೆ ಬಂದ್ರೆ ಅಮ್ಮ, ನಾನು, ನೀನು ಮೂರು ಜನಾನೂ ಒಟ್ಟಿಗೆ ಕಾಫಿ ಕುಡೀಬಹುದು. ಮಳೆ ಇದೆ, ಛತ್ರಿ ತಾ.

ನಿನ್ನ,
ಎರಡನೇ ಬೆಂಚು
ಚಿಕ್ಕಮಗಳೂರು