ಭಾನುವಾರ ಬೆಳಿಗ್ಗೆ ಒಂದು ರಸ್ತೆ ನಡೆಯುವವರಿಗೆ ಬಿಡಿ

ಮಾನ್ಯರೇ,

ಅಮೆರಿಕದ ಲಾಸ್ ಏಂಜಲೀಸ್ ಎಂದರೆ ಕಾರುಗಳ ಊರು. ಅಲ್ಲೇ ‘ಸಿಕ್ಲಾವಿಯಾ’ ಎಂಬ ಲಾಭರಹಿತ ಸಂಸ್ಥೆ 2010ರಿಂದ ಆಗಾಗ ಭಾನುವಾರ ದೊಡ್ಡ ರಸ್ತೆಗಳನ್ನೇ ಕಾರುಗಳಿಗೆ ಬಂದ್ ಮಾಡಿಸುತ್ತಿದೆ. ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ. ಟಿಕೆಟ್ ಇಲ್ಲ, ಪಂದ್ಯವೂ ಅಲ್ಲ. ಈ ಯೋಚನೆ ಬಂದಿದ್ದು ಕೊಲಂಬಿಯಾದ ಬೊಗೊಟಾದಿಂದ. ಅಲ್ಲಿ ಇದು 1974ರಲ್ಲೇ ಶುರುವಾಗಿತ್ತು.

ನಮ್ಮ ಬಳ್ಳಾರಿಯಲ್ಲೂ ಮಾಡಬಹುದಲ್ವಾ? ಇಲ್ಲಿನ ಬೆಂಗಳೂರು ರಸ್ತೆಯಲ್ಲಿ ಸಂಜೆ ಹೊತ್ತು ಮಕ್ಕಳ ಕೈ ಹಿಡಿದು ನಡೆಯುವುದೇ ಕಷ್ಟ. ಅಂಗಡಿ ಮುಂದೆ ಬೈಕು, ಬೈಕಿನ ಪಕ್ಕ ತಳ್ಳುಗಾಡಿ, ಉಳಿದ ಜಾಗದಲ್ಲಿ ಆಟೊ. ನಮ್ಮ ಬಿಸಿಲಿಗೆ ಬೆಳಿಗ್ಗೆ 6ರಿಂದ 9ರವರೆಗೆ ಸಾಕು. ಅಷ್ಟೊತ್ತಿಗೆ ಬಟ್ಟೆ, ಬಂಗಾರದ ಅಂಗಡಿಗಳು ಬಾಗಿಲೇ ತೆಗೆದಿರುವುದಿಲ್ಲ. ವ್ಯಾಪಾರಕ್ಕೆ ಪೆಟ್ಟು ಎಂಬ ಮಾತು ಬರುವುದಿಲ್ಲ. ಆಂಬುಲೆನ್ಸ್‌ಗೆ ದಾರಿ ಇರಬೇಕು, ಅಡ್ಡರಸ್ತೆಗಳಲ್ಲಿ ಗಾಡಿ ದಾಟಿಸಲು ಪೊಲೀಸರು ಬೇಕು. ಸಿಡಿಬಂಡಿ ಜಾತ್ರೆ ದಿನ ದುರ್ಗಮ್ಮನ ಗುಡಿ ಹತ್ತಿರ ಅವರು ಇದಕ್ಕಿಂತ ಜಾಸ್ತಿ ಜನರನ್ನು ಸಂಭಾಳಿಸುತ್ತಾರೆ.

ಪಾಲಿಕೆ, ಸೈಕಲ್ ಸವಾರರು, ಕಾಲೇಜುಗಳ ಎನ್‌ಎಸ್‌ಎಸ್ ಹುಡುಗರು ಸೇರಿ ತಿಂಗಳಿಗೊಂದು ಭಾನುವಾರ ಶುರು ಮಾಡಲಿ. ಉದ್ಘಾಟನೆ, ಹಾರ, ಫ್ಲೆಕ್ಸ್ ಮಾತ್ರ ದಯವಿಟ್ಟು ಬೇಡ. ಭಾಷಣ ಮುಗಿಯುವಷ್ಟರಲ್ಲಿ 9 ಗಂಟೆ ಆಗಿರುತ್ತದೆ!

– ಓದುಗ, ಕೌಲ್ ಬಜಾರ್, ಬಳ್ಳಾರಿ