ಮೇ 12, ದಾದಿಯರ ದಿನ: ಆಸ್ಪತ್ರೆಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏

ಆಧುನಿಕ ದಾದಿ ವೃತ್ತಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನವಾದ ಮೇ 12ರಂದು ತಾಲೂಕು ಆಸ್ಪತ್ರೆಯ ಸಿಸ್ಟರ್, ಬ್ರದರ್‌ಗಳಿಗೆ ಧನ್ಯವಾದ ಹೇಳಲು ಹೋಗುತ್ತಿದ್ದೇವೆ. ಮಧ್ಯಾಹ್ನ 3.30ಕ್ಕೆ ಗೇಟಿನ ಬಳಿ ಸೇರೋಣ. ಐದು ಜನ ಸಾಕು.

2 ಗಂಟೆಗೆ ಯಾರೂ ಹೋಗಬೇಡಿ. ಅದು ಪಾಳಿ ಬದಲಾಗುವ ಹೊತ್ತು. ಯಾವ ಹಾಸಿಗೆಯವರಿಗೆ ಯಾವ ಔಷಧಿ ಆಗಿದೆ, ಯಾವುದು ಬಾಕಿ ಎಂದು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುತ್ತಿರುತ್ತಾರೆ. ನಡುವೆ ಮಾತಾಡಿಸಿದರೆ ಒಂದು ಡೋಸ್ ತಪ್ಪಬಹುದು, ಇಲ್ಲವೇ ಎರಡು ಸಲ ಬೀಳಬಹುದು.

ಹೂಗುಚ್ಛ ಬೇಡ. ಉಸಿರಾಟದ ತೊಂದರೆ ಇರುವವರಿಗೆ ಪರಾಗ, ಪರಿಮಳ ಆಗುವುದಿಲ್ಲ. ಹೂದಾನಿಯ ನೀರಿನಲ್ಲಿ ರೋಗಾಣು ಬೆಳೆಯುತ್ತದೆ. ಕೋಡುಬಳೆ, ಬಾಳೆಹಣ್ಣು ತನ್ನಿ. ಮೇ ಸೆಕೆಗೆ ಕಾಯಿಚಟ್ನಿ ಬೇಗ ಹಳಸುತ್ತದೆ, ಹಾಗಾಗಿ ಇಡ್ಲಿ, ದೋಸೆ ಬೇಡ. ರಾತ್ರಿ ಪಾಳಿಯವರನ್ನು ಎಲ್ಲರೂ ಮರೆಯುತ್ತಾರೆ. ಅವರ ಪಾಲನ್ನು ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಕೊಡೋಣ. ಆಯಾಗಳಿಗೂ ಇರಲಿ.

ಕಾರ್ಡಿನಲ್ಲಿ ಬರೀ ‘ನೀವು ದೇವರು’ ಎಂದು ಬರೆಯಬೇಡಿ, ಅವರು ಮಾಡಿದ ಕೆಲಸ ಬರೆಯಿರಿ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು, ಡ್ರಿಪ್ ಹಾಕಿದ ಕೈ ಊದಿದ್ದನ್ನು ಮೊದಲೇ ಕಂಡು ಸೂಜಿ ತೆಗೆದಿದ್ದು. ಇದು ನೋಡಿದವರಿಗಷ್ಟೇ ಗೊತ್ತು, ಆದ್ದರಿಂದ ಓದಿದ ದಾದಿಯರ ಮನಸ್ಸಿಗೆ ತಟ್ಟುತ್ತದೆ. ರೋಗಿಯ ಹೆಸರು, ಕಾಯಿಲೆ ಬರೆಯಬೇಡಿ. ವಾರ್ಡಿನೊಳಗೆ ಫೋಟೊ ಖಂಡಿತ ಬೇಡ.

ಬರುವವರು, ತಿಂಡಿ ಕೊಡುವವರು 10ನೇ ತಾರೀಖು ಸಂಜೆಯೊಳಗೆ ಇಲ್ಲೇ ತಿಳಿಸಿ. ಕೆಮ್ಮು, ನೆಗಡಿ, ಜ್ವರ ಇದ್ದವರು ದಯವಿಟ್ಟು ಕಾರ್ಡ್ ಮಾತ್ರ ಕಳಿಸಿ.