ಮಗಳಿಗೊಂದು ಪತ್ರ: ಈ ಸಲ ಹಳದಿ ಕೋಟು ನೋಡು

ಪುಟ್ಟಿ,

‘ಲವಿಂಗ್ ವಿನ್ಸೆಂಟ್’ ಸಿನಿಮಾ ಅರ್ಧಕ್ಕೇ ನಿಲ್ಲಿಸಿದೆ, ಕಥೆ ತುಂಬಾ ಎಳೆದಿದ್ದಾರೆ ಅಂದೆಯಲ್ಲ. ನಿಜವೇ. ಚಿತ್ರಕಾರ ವಿನ್ಸೆಂಟ್ ವಾನ್ ಗೋ ತಾನೇ ಗುಂಡು ಹಾರಿಸಿಕೊಂಡನೋ, ಬೇರೆ ಯಾರಾದರೂ ಹೊಡೆದರೋ ಅಂತ ಅಂಚೆಯವನ ಮಗ ಅರ್ಮಾಂ ಊರೆಲ್ಲ ವಿಚಾರಿಸುತ್ತಾ ತಿರುಗುತ್ತಾನೆ. ಪತ್ತೇದಾರಿ ಕಾದಂಬರಿ ಓದಿ ಬೆಳೆದ ನನಗೂ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಆದರೂ ಇನ್ನೊಂದು ಸಲ ಹಾಕು. ಕಥೆ ಹಾಳಾಗಲಿ, ಅರ್ಮಾಂನ ಹಳದಿ ಕೋಟಿನ ಮೇಲೆ ಕಣ್ಣಿಡು. ಅವನು ಸುಮ್ಮನೆ ಕೂತಿದ್ದರೂ ಕೋಟಿನ ಬಣ್ಣ ಮಿಸುಕಾಡುತ್ತಲೇ ಇರುತ್ತದೆ.

ಮೊದಲು ನಟರನ್ನಿಟ್ಟು ಶೂಟಿಂಗ್ ಮಾಡಿ, ಆಮೇಲೆ ಒಂದೊಂದು ಫ್ರೇಮನ್ನೂ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಕೈಯಾರೆ ಬರೆದಿದ್ದಾರೆ ಕಣೇ. ಸೆಕೆಂಡಿಗೆ 12 ಚಿತ್ರ. ಒಂದು ಬರೆದು ಫೋಟೊ ತೆಗೆಯೋದು, ಅದೇ ಕ್ಯಾನ್ವಾಸಿನಲ್ಲಿ ಕೈಯೋ ಕತ್ತೋ ಅಲುಗಿದ ಕಡೆ ಹಸಿ ಬಣ್ಣ ಕೆರೆದು ಒಂಚೂರು ಸರಿಸಿ ಬರೆಯೋದು, ಮತ್ತೆ ಫೋಟೊ. ಹೀಗೆ ಸುಮಾರು 65,000 ಫ್ರೇಮು, ನೂರಕ್ಕೂ ಹೆಚ್ಚು ಕಲಾವಿದರು. ಎಷ್ಟೇ ನುರಿತ ಕೈಯಾದರೂ ಕುಂಚದ ಗೀರು ಎರಡನೇ ಸಲ ಅದೇ ಜಾಗದಲ್ಲಿ ಕೂರುತ್ತದೆಯೇ? ಕೋಟು ಮಿಸುಕುವುದು ಅದಕ್ಕೇ. ನಿಮ್ಮ ಅನಿಮೇಷನ್ ಕ್ಲಾಸಿನಲ್ಲಿ ಇದಕ್ಕೆ ಮಾರ್ಕ್ಸು ಕಡಿಯುತ್ತಾರೇನೋ, ನಾನಂತೂ ಅದಕ್ಕಾಗಿಯೇ ಪೂರ್ತಿ ನೋಡಿದೆ.

ನನ್ನ ತಕರಾರು ಬೇರೆ. 1890ರ ಜುಲೈನಲ್ಲಿ ವಿನ್ಸೆಂಟ್ ಸತ್ತಾಗ ಅವನಿಗೆ 37. ಬಣ್ಣಕ್ಕೆ, ಊಟಕ್ಕೆ, ಬಾಡಿಗೆಗೆ ದುಡ್ಡು ಕಳಿಸುತ್ತಿದ್ದ ತಮ್ಮ ಥಿಯೋ ಆರೇ ತಿಂಗಳಲ್ಲಿ ಅವನ ಹಿಂದೆಯೇ ಹೋದ. ಉಳಿದವಳು ಥಿಯೋನ ಹೆಂಡತಿ ಯೋಹಾನಾ. ವಯಸ್ಸು 28, ಕಂಕುಳಲ್ಲಿ ಇನ್ನೂ ವರ್ಷ ತುಂಬದ ಕೂಸು, ಮನೆತುಂಬ ಯಾರೂ ಕೊಳ್ಳದ ಚಿತ್ರಗಳು. ಹಾಲೆಂಡಿಗೆ ವಾಪಸಾಗಿ, ಬುಸ್ಸುಮ್ ಅನ್ನುವ ಊರಲ್ಲಿ ಬೋರ್ಡಿಂಗ್ ಹೌಸ್ ನಡೆಸಿ ಹೊಟ್ಟೆ ಹೊರೆದಳು. ಬಾಡಿಗೆಯವರ ಊಟ-ತಿಂಡಿ ನೋಡಿಕೊಳ್ಳುತ್ತಲೇ ಆ ಭಾವನ ಚಿತ್ರಗಳನ್ನು ಊರೂರಿಗೆ ಪ್ರದರ್ಶನಕ್ಕೆ ಕಳಿಸಿದಳು. 1905ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಮ್ಮಿನಲ್ಲಿ 450ಕ್ಕೂ ಹೆಚ್ಚು ಕೃತಿಗಳನ್ನು ಒಟ್ಟಿಗೆ ತೂಗುಹಾಕಿಸಿದಳು. ಅಣ್ಣ ತಮ್ಮನಿಗೆ ಬರೆದ ಪತ್ರಗಳನ್ನು ಜೋಡಿಸಿ 1914ರಲ್ಲಿ ಪುಸ್ತಕ ಮಾಡಿದವಳೂ ಅವಳೇ. ಆ ಪತ್ರಗಳಿಲ್ಲದಿದ್ದರೆ ಈ ಸಿನಿಮಾದವರ ಕೈಯಲ್ಲಿ ಏನಿರುತ್ತಿತ್ತು? ಅಂಥವಳಿಗೆ ಇವರು ಕೊಟ್ಟಿರುವ ಜಾಗ ನೋಡಿದರೆ ಸಿಟ್ಟು ಬರುತ್ತದೆ.

ಕೊನೇ ವರ್ಷದ ಪ್ರಾಜೆಕ್ಟಿಗೆ ವಿಷಯ ಸಿಗುತ್ತಿಲ್ಲ ಅಂತಿದ್ದೆ. ಐದು ನಿಮಿಷದ್ದೇ ಆಗಲಿ, ಆ ಬೋರ್ಡಿಂಗ್ ಹೌಸಿನ ಕಥೆ ಮಾಡಬಾರದಾ? ಬೇಡ ಅನ್ನಿಸಿದರೆ ಬಿಡು, ಬಲವಂತವಿಲ್ಲ. ಸಿನಿಮಾ ಮಾತ್ರ ಪೂರ್ತಿ ನೋಡಿ ಭಾನುವಾರ ಫೋನ್ ಮಾಡು. ನಿಮ್ಮಪ್ಪ ನಿನ್ನ ಪಕ್ಷ, ಜಗಳಕ್ಕೆ ಕಾಯ್ತಿದ್ದಾರೆ.

ಅಮ್ಮ